ಕೊಹೊಮಾಲಜಿ ಒಂದೇ ಯಾಕೆ ಸಾಲದು?

ಸಮೀಕರಣಗಳನ್ನು ಆಕಾರಗಳಾಗಿ ನೋಡುವ ಬೀಜಗಣಿತೀಯ ಜ್ಯಾಮಿತಿಗೆ ಹೊಸದಾಗಿ ಕಾಲಿಟ್ಟವರಿಗೆ ಮೊದಲು ಗಾಬರಿ ಹುಟ್ಟಿಸುವುದು ಹೆಸರುಗಳ ಸಾಲು. ಝರಿಸ್ಕಿ, ಎತಾಲ್, ಡಿ ರಾಮ್, ಕ್ರಿಸ್ಟಲೈನ್, ಪ್ರಿಸ್ಮ್ಯಾಟಿಕ್, ಮೋಟಿವಿಕ್. ಎಲ್ಲದರ ಹಿಂದೆಯೂ ಕೊಹೊಮಾಲಜಿ ಎಂಬ ಬಾಲ. ಆಕಾರದಲ್ಲಿರುವ ತೂತುಗಳನ್ನು ಎಣಿಸುವ ಯಂತ್ರ ಇದು ಎಂದು ಯಾರೋ ಹೇಳಿರುತ್ತಾರೆ. ಹಾಗಾದರೆ ಒಂದು ಯಂತ್ರ ಸಾಕಲ್ವಾ?

ಸಾಲದು. ಯಾಕೆ ಸಾಲದು ಎನ್ನುವುದಕ್ಕೆ ಕಾಗದದ ಮೇಲೆ ನಾಲ್ಕೇ ಸಾಲಿನಲ್ಲಿ ಬರೆಯಬಹುದಾದ ಕಾರಣವೊಂದಿದೆ. ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ಒಂದೇ ಸಮೀಕರಣವನ್ನು ಜೊತೆಗಿಟ್ಟುಕೊಳ್ಳೋಣ:

ಯ² = ಕ³ + ಕ

ಮೊದಲು ಸುಮ್ನೆ ಎಣಿಸೋಣ. ಯಾವುದೇ ಪೂರ್ಣಾಂಕವನ್ನು 5ರಿಂದ ಭಾಗಿಸಿದರೆ ಉಳಿಯುವುದು 0, 1, 2, 3, 4 ಇವುಗಳಲ್ಲಿ ಒಂದು. ನಮ್ಮ ಲೋಕದಲ್ಲಿ ಇರುವುದೇ ಈ ಐದು ಸಂಖ್ಯೆ ಅಂದುಕೊಳ್ಳಿ. ಕೂಡಿದ ಮೇಲೂ ಗುಣಿಸಿದ ಮೇಲೂ 5ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಬೇಕು. ಇಲ್ಲಿ ವರ್ಗ ಸಂಖ್ಯೆಗಳು ಮೂರೇ: 0, 1, 4. ಈಗ ಕ = 0 ಹಾಕಿದರೆ ಬಲಗಡೆ 0, ಹಾಗಾಗಿ ಯ = 0. ಕ = 1 ಹಾಕಿದರೆ 2, ಅದು ವರ್ಗವಲ್ಲ. ಕ = 2 ಹಾಕಿದರೆ 10, ಅಂದರೆ 0. ಕ = 3 ಹಾಕಿದರೆ 30, ಮತ್ತೆ 0. ಕ = 4 ಹಾಕಿದರೆ 68, ಅಂದರೆ 3, ವರ್ಗವಲ್ಲ. ಒಟ್ಟು ಮೂರು ಬಿಂದು. ಈ ಬಗೆಯ ವಕ್ರರೇಖೆಗೆ ಅನಂತದಲ್ಲಿ ಒಂದು ಬಿಂದುವನ್ನು ಸೇರಿಸುವುದು ವಾಡಿಕೆ. ಸೇರಿಸಿದರೆ 4.

ಐದು ಸಂಖ್ಯೆಗಳ ಲೋಕವನ್ನು 25 ಸಂಖ್ಯೆಗಳ ಲೋಕವಾಗಿ, ಆಮೇಲೆ 125 ಸಂಖ್ಯೆಗಳ ಲೋಕವಾಗಿ ಹಿಗ್ಗಿಸಬಹುದು. ಅಲ್ಲಿ ಬಿಂದುಗಳ ಲೆಕ್ಕ 32 ಮತ್ತು 148. ಮೇಲ್ನೋಟಕ್ಕೆ ಇವುಗಳಲ್ಲಿ ಏನೂ ಕ್ರಮ ಕಾಣುವುದಿಲ್ಲ. ಬಿಡಿಸಿ ಬರೆಯೋಣ:

4 = 1 − 2 + 5
32 = 1 − (−6) + 25
148 = 1 − (−22) + 125

ನಡುವಿನ 2, −6, −22 ಎಲ್ಲಿಂದ ಬಂದವು? −1ರ ವರ್ಗಮೂಲವನ್ನು ಐ ಎಂದು ಕರೆಯೋಣ. 1 + 2ಐ ಮತ್ತು 1 − 2ಐ ಕೂಡಿದರೆ 2. ಅವೆರಡರ ವರ್ಗಗಳನ್ನು ಕೂಡಿದರೆ −6. ಘನಗಳನ್ನು ಕೂಡಿದರೆ −22. ಅವೆರಡನ್ನು ಗುಣಿಸಿದರೆ 5. ಎಷ್ಟೇ ದೊಡ್ಡ ಲೋಕಕ್ಕೆ ಹೋದರೂ ಈ ಎರಡು ಸಂಖ್ಯೆಗಳೇ ಲೆಕ್ಕ ಒಪ್ಪಿಸುತ್ತವೆ.

ಈಗ ಅದೇ ಸಮೀಕರಣವನ್ನು ಸಂಕೀರ್ಣ ಸಂಖ್ಯೆಗಳಲ್ಲಿ ಬಿಡಿಸಿ. ಸಿಗುವ ಆಕಾರ ಗಾಳಿ ತುಂಬಿದ ಟೈರ್ ಟ್ಯೂಬಿನ ಮೇಲ್ಮೈಯಂತೆ. ಅದು ಒಂದೇ ತುಂಡು, ಅದರ ಮೇಲೆ ಎರಡು ಬೇರೆ ಬೇರೆ ದಿಕ್ಕಿನ ಸುತ್ತುಗಳಿವೆ, ಒಳಗೆ ಒಂದು ಟೊಳ್ಳು. ಕೊಹೊಮಾಲಜಿಯ ಭಾಷೆಯಲ್ಲಿ ಆಯಾಮಗಳು 1, 2, 1. ಮೇಲಿನ ಸೂತ್ರವನ್ನು ಇನ್ನೊಮ್ಮೆ ನೋಡಿ. ಮೊದಲ ಜಾಗದಲ್ಲಿ ಒಂದು ಪದ, ನಡುವೆ ಎರಡು, ಕೊನೆಯಲ್ಲಿ ಒಂದು. ಶೇಷಗಳ ಎಣಿಕೆಗೆ ಟ್ಯೂಬಿನ ಆಕಾರ ಹೇಗೆ ಗೊತ್ತಾಯಿತು?

ಫ್ರೆಂಚ್ ಗಣಿತಜ್ಞ ಆಂಡ್ರೆ ವೇಯ್ 1949ರಲ್ಲಿ ಕೇಳಿದ ಪ್ರಶ್ನೆ ಹೆಚ್ಚುಕಡಿಮೆ ಇದೇ. ವಕ್ರರೇಖೆಗಳ ಮಟ್ಟಿಗೆ ಅವರು ಆಗಲೇ ಉತ್ತರ ಕಂಡುಕೊಂಡಿದ್ದರು. ಅದರ ಮೊದಲ ಪ್ರಕಟಣೆಯನ್ನು ಬರೆದದ್ದು 1940ರಲ್ಲಿ, ಸೇನೆಗೆ ಹಾಜರಾಗದ ಕಾರಣಕ್ಕೆ ಫ್ರಾನ್ಸಿನ ರೂಅಂ ಊರಿನ ಜೈಲಿನಲ್ಲಿ ಕೂತು. ಎಲ್ಲ ಆಯಾಮಗಳಿಗೂ ಹೀಗೇ ಆಗಬೇಕು ಎಂದು ಅವರು ಊಹಿಸಿದರು. ಹೋಗಬೇಕಾದ ದಾರಿಯೂ ಅವರ ಮಾತಿನಲ್ಲೇ ಇತ್ತು. 5ರ ಲೋಕದಲ್ಲಿ ಪ್ರತಿ ನಿರ್ದೇಶಾಂಕವನ್ನೂ ಅದರ ಐದನೇ ಘಾತಕ್ಕೆ ಕಳಿಸುವ ನಕ್ಷೆಯೊಂದಿದೆ, ಹೆಸರು ಫ್ರೊಬೇನಿಯಸ್. ಅದು ಅಲುಗಿಸದೆ ಬಿಡುವ ಬಿಂದುಗಳೇ ನಾವು ಎಣಿಸಿದ 4 ಬಿಂದುಗಳು. ಒಂದು ನಕ್ಷೆಗೆ ಎಷ್ಟು ಸ್ಥಿರಬಿಂದುಗಳಿವೆ ಎಂದು ಕೊಹೊಮಾಲಜಿಯಿಂದ ಲೆಕ್ಕ ಹಾಕುವ ಸೂತ್ರವನ್ನು ಟೊಪಾಲಜಿಯಲ್ಲಿ, ಅಂದರೆ ಎಳೆದರೂ ಬಗ್ಗಿಸಿದರೂ ಬದಲಾಗದ ಆಕಾರಗುಣಗಳ ಗಣಿತದಲ್ಲಿ, ಲೆಫ್‌ಶೆಟ್ಸ್ ಆಗಲೇ ಕೊಟ್ಟಿದ್ದರು. ನಕ್ಷೆ ಪ್ರತಿ ಮಟ್ಟದಲ್ಲೂ ಒಂದು ಮಾತೃಕೆಯಾಗಿ ಕೆಲಸ ಮಾಡುತ್ತದೆ. ಆ ಮಾತೃಕೆಯ ಕರ್ಣದ ಮೊತ್ತ ತೆಗೆದುಕೊಳ್ಳಿ, ಒಮ್ಮೆ ಕೂಡಿ, ಒಮ್ಮೆ ಕಳೆಯಿರಿ. ನಮ್ಮ 1 − 2 + 5 ಅದೇ ಲೆಕ್ಕ.

ಆದರೆ ಆ ಸೂತ್ರಕ್ಕೆ ನಿಜವಾದ ಆಕಾರ ಬೇಕು. ಐದು ಶೇಷಗಳ ಲೋಕದಲ್ಲಿ ಆಕಾರ ಎಲ್ಲಿದೆ? ಹತ್ತಿರ, ದೂರ ಎಂಬ ಮಾತೇ ಅಲ್ಲಿಲ್ಲ.

ಮೊದಲು ಬೇಕಾದದ್ದು 5ರ ಲೋಕ ಮತ್ತು ಸಂಕೀರ್ಣ ಲೋಕ ಎರಡನ್ನೂ ಒಂದೇ ವಸ್ತುವಾಗಿ ಹಿಡಿಯುವ ಭಾಷೆ. ಗ್ರೋಥೆಂಡಿಕ್ 1960ರ ಸುಮಾರಿಗೆ ಕಟ್ಟಿದ ಸ್ಕೀಮ್ ಎಂಬ ಕಲ್ಪನೆ ಅದಕ್ಕೇ ಇರುವುದು. ನಮ್ಮ ಸಮೀಕರಣದ ಗುಣಾಂಕಗಳು ಪೂರ್ಣಾಂಕಗಳು. ಹಾಗಾಗಿ ಅದು ಒಂದೇ ಸ್ಕೀಮ್. ಪ್ರತಿ ಅವಿಭಾಜ್ಯ ಸಂಖ್ಯೆಗೂ ಅದರ ಒಂದೊಂದು ಪದರ: 3ರ ಮೇಲೆ ಒಂದು, 5ರ ಮೇಲೆ ಒಂದು, 7ರ ಮೇಲೆ ಒಂದು. 2ರ ಮೇಲಿನ ಪದರ ಒಂದು ಬಿಂದುವಿನಲ್ಲಿ ಮುದುಡಿಕೊಂಡಿದೆ, ಅದನ್ನು ಬಿಟ್ಟುಬಿಡೋಣ. ಸಂಕೀರ್ಣ ಸಂಖ್ಯೆಗಳ ಟ್ಯೂಬ್ ಕೂಡ ಇದೇ ಸ್ಕೀಮಿನ ಇನ್ನೊಂದು ನೋಟ.

ಕೊಹೊಮಾಲಜಿ ಅಂದರೆ ತೂತುಗಳ ಲೆಕ್ಕ ಎನ್ನುವುದಕ್ಕಿಂತ ನನಗೆ ಇಷ್ಟವಾಗುವ ವಿವರಣೆ ಬೇರೆ. ತುಂಡು ತುಂಡಾಗಿ ನೋಡಿದರೆ ಎಲ್ಲ ಕಡೆ ಬಗೆಹರಿಯುವ, ಒಟ್ಟಾಗಿ ನೋಡಿದರೆ ಬಗೆಹರಿಯದ ತೊಡಕುಗಳ ಪಟ್ಟಿ ಅದು. ಹಾಗಿದ್ದರೆ ಎಲ್ಲವೂ "ತುಂಡು" ಅಂದರೆ ಏನು ಎಂಬುದರ ಮೇಲೆ ನಿಲ್ಲುತ್ತದೆ. ಸ್ಕೀಮಿಗೆ ಹುಟ್ಟಿನಿಂದ ಬಂದ ತುಂಡುಗಳು ಝರಿಸ್ಕಿ ಟೊಪಾಲಜಿಯವು. ಆ ತುಂಡುಗಳು ವಿಪರೀತ ದೊಡ್ಡವು. ವಕ್ರರೇಖೆಯಿಂದ ಕೆಲವು ಬಿಂದುಗಳನ್ನು ಕಿತ್ತುಹಾಕಿದರೆ ಉಳಿಯುವುದೇ ಒಂದು ತುಂಡು. ಯಾವ ಎರಡು ತುಂಡು ತೆಗೆದುಕೊಂಡರೂ ಅವು ಬಹುಪಾಲು ಒಂದರ ಮೇಲೊಂದು ಬೀಳುತ್ತವೆ. ಇಂಥ ಬಲೆಯಲ್ಲಿ ಟ್ಯೂಬಿನ ಸುತ್ತು ಸಿಕ್ಕಿಬೀಳುವುದಿಲ್ಲ. ಪೂರ್ಣಾಂಕಗಳನ್ನು ಗುಣಾಂಕವಾಗಿಟ್ಟು, ಅಂದರೆ ತೊಡಕುಗಳನ್ನು ಪೂರ್ಣಾಂಕಗಳಲ್ಲಿ ಅಳೆದು, ಲೆಕ್ಕ ಮಾಡಿದರೆ ನಡುವಿನ ಕೊಹೊಮಾಲಜಿ ಸೊನ್ನೆ.

ಜಾನ್ ಪಿಯೇರ್ ಸೇರ್ 1955ರಲ್ಲಿ ಒಂದು ಉಪಾಯ ಮಾಡಿದರು. ಗುಣಾಂಕವಾಗಿ ಪೂರ್ಣಾಂಕ ಬೇಡ, ವಕ್ರರೇಖೆಯ ಮೇಲಿನ ಫಂಕ್ಷನ್‌ಗಳನ್ನೇ ಇಡೋಣ. ಇದು ಕೆಲಸ ಮಾಡುತ್ತದೆ. ಎಷ್ಟರ ಮಟ್ಟಿಗೆ ಎಂದು ಕೈಯಾರೆ ಮಾಡಿ ನೋಡಬಹುದು. ಅನಂತದ ಬಿಂದುವನ್ನು ಬಿಟ್ಟ ತುಂಡು ಒಂದು. (0, 0) ಬಿಂದುವನ್ನು ಬಿಟ್ಟ ತುಂಡು ಇನ್ನೊಂದು. ಎರಡೂ ಸೇರುವ ಜಾಗದಲ್ಲಿ ಯ/ಕ ಎಂಬ ಫಂಕ್ಷನ್ ಚೆನ್ನಾಗಿಯೇ ಇದೆ. ಆದರೆ ಅದನ್ನು ಮೊದಲ ತುಂಡಿನ ಒಂದು ಫಂಕ್ಷನ್, ಎರಡನೇ ತುಂಡಿನ ಒಂದು ಫಂಕ್ಷನ್ ಎಂದು ಒಡೆದು ಕೂಡಿಸಲು ಬರುವುದಿಲ್ಲ. ಅದೇ ತೊಡಕು. ಮೊದಲ ಕೊಹೊಮಾಲಜಿಯಲ್ಲಿ ಇರುವುದೂ ಅದೊಂದೇ.

ಈಗ ಫ್ರೊಬೇನಿಯಸ್ ಹಚ್ಚಿ, ಅಂದರೆ ಐದನೇ ಘಾತಕ್ಕೆ ಏರಿಸಿ. ಯ⁵ ಅನ್ನು ಯ(ಕ³ + ಕ)² ಎಂದು ಬರೆದು ಕ⁵ನಿಂದ ಭಾಗಿಸಿದರೆ ಸಿಗುವುದು ಯಕ + 2(ಯ/ಕ) + ಯ/ಕ³. ಮೊದಲ ಪದ ಮೊದಲ ತುಂಡಿಗೆ ಸೇರಿದ್ದು. ಕೊನೆಯ ಪದ ಎರಡನೇ ತುಂಡಿಗೆ ಸೇರಿದ್ದು. ಅವೆರಡೂ ತೊಡಕಲ್ಲ, ಬಿಟ್ಟುಹೋದವು. ಉಳಿದದ್ದು 2(ಯ/ಕ). ಅದೇ 2! ನಡುವಿನ ಜಾಗದಲ್ಲಿ ಕೂತಿದ್ದ ನಮ್ಮ 2. ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನು ನಂಬದೆ ಇನ್ನೊಮ್ಮೆ ಮಾಡಿದ್ದೆ.

ಆದರೆ ಒಂದು ಕೊರತೆ ಇದೆ. ಈ ಲೆಕ್ಕ ನಡೆದದ್ದು 5ರ ಶೇಷಗಳ ಲೋಕದ ಒಳಗೇ. ಹಾಗಾಗಿ ಈ 2 ನಿಜವಾದ 2 ಅಲ್ಲ, "5ರಿಂದ ಭಾಗಿಸಿದರೆ ಉಳಿಯುವ 2". ಅದು 7 ಇರಬಹುದು, −3 ಇರಬಹುದು. ಬಿಂದುಗಳ ಸಂಖ್ಯೆಯ ಶೇಷ ಗೊತ್ತಾಗುತ್ತದೆ, ಸಂಖ್ಯೆ ಗೊತ್ತಾಗುವುದಿಲ್ಲ. ಆಯಾಮ ಕೂಡ ಎರಡರ ಬದಲು ಒಂದೇ ಸಿಕ್ಕಿತು.

ಎತಾಲ್ ಕೊಹೊಮಾಲಜಿ ಈ ಕೊರತೆಯನ್ನು ತುಂಬಿದ ಬಗೆ ನನಗೆ ಇಡೀ ಕತೆಯಲ್ಲೇ ಅತಿ ದಿಟ್ಟ ಹೆಜ್ಜೆ ಅನಿಸುತ್ತದೆ. ಸೊನ್ನೆಯನ್ನು ಕಿತ್ತ ಸಂಕೀರ್ಣ ಸಮತಲದಲ್ಲಿ ವರ್ಗಮೂಲ ತೆಗೆಯಬೇಕು ಅಂದುಕೊಳ್ಳಿ. ಚಿಕ್ಕ ವೃತ್ತದೊಳಗೆ ನಿಂತರೆ ತೊಂದರೆಯಿಲ್ಲ, ಎರಡರಲ್ಲಿ ಒಂದು ಮೂಲವನ್ನು ಆರಿಸಿಕೊಳ್ಳಬಹುದು. ಝರಿಸ್ಕಿಯ ತುಂಡುಗಳಲ್ಲಿ ಅಷ್ಟು ಚಿಕ್ಕದು ಸಿಗುವುದೇ ಇಲ್ಲ. ಗ್ರೋಥೆಂಡಿಕ್ ಅಂದದ್ದು ಹೀಗೆ: ತುಂಡು ಆಕಾರದ ಒಳಗೇ ಇರಬೇಕು ಎಂದು ಹಟ ಯಾಕೆ? ಪ್ರತಿ ಬಿಂದುವಿನ ಮೇಲೆ ಅದರ ಎರಡು ವರ್ಗಮೂಲಗಳನ್ನು ಕೂರಿಸಿದರೆ ಎರಡು ಪದರದ ಹೊದಿಕೆ ಸಿಗುತ್ತದೆ. ಆ ಹೊದಿಕೆಯನ್ನೇ ಒಂದು ತುಂಡು ಅಂದುಕೊಳ್ಳೋಣ. ಅದರ ಮೇಲೆ ನಿಂತರೆ ವರ್ಗಮೂಲ ಇದ್ದೇ ಇದೆ. ಎಲ್ಲೂ ಮಡಿಕೆ ಬೀಳದೆ, ಪದರಗಳು ಅಂಟಿಕೊಳ್ಳದೆ ಹರಡಿರುವ ಇಂಥ ನಕ್ಷೆಗಳಿಗೆ ಎತಾಲ್ ಎಂದು ಹೆಸರು. ಈ ಯೋಚನೆಯ ಬೀಜ 1958ರಲ್ಲಿ ಸೇರ್ ಮಾಡಿದ ಒಂದು ಕೆಲಸದಲ್ಲಿತ್ತು. ಗ್ರೋಥೆಂಡಿಕ್ ಮತ್ತು ಮೈಕೆಲ್ ಆರ್ಟಿನ್ ಅದನ್ನು ಸಿದ್ಧಾಂತವಾಗಿ ಬೆಳೆಸಿದರು. 1963–64ರಲ್ಲಿ ಪ್ಯಾರಿಸ್ ಬಳಿ ನಡೆದ ಸೆಮಿನಾರಿನಲ್ಲಿ ಅದು ಪೂರ್ಣ ರೂಪಕ್ಕೆ ಬಂತು.

ಇಲ್ಲೂ ಪೂರ್ಣಾಂಕಗಳನ್ನು ನೇರವಾಗಿ ಗುಣಾಂಕವಾಗಿಟ್ಟರೆ ನಮ್ಮ ವಕ್ರರೇಖೆಗೆ ನಡುವೆ ಸೊನ್ನೆಯೇ. ಹೊದಿಕೆಗಳ ಪದರಗಳು ಯಾವಾಗಲೂ ಲೆಕ್ಕಕ್ಕೆ ಸಿಗುವಷ್ಟೇ ಇರುವುದರಿಂದ ಗುಣಾಂಕಗಳೂ ಹಾಗೆಯೇ ಇರಬೇಕು. 7 ಶೇಷಗಳನ್ನು ಇಟ್ಟರೆ 2 ಆಯಾಮ ಸಿಗುತ್ತದೆ. ಟ್ಯೂಬಿಗೆ ಸಿಕ್ಕಷ್ಟೇ! 49 ಶೇಷ, 343 ಶೇಷ ಎಂದು ಮೇಲೆ ಮೇಲೆ ಹೋಗಿ ಎಲ್ಲವನ್ನೂ ಒಟ್ಟಿಗೆ ಹಿಡಿದರೆ 7-ಆಡಿಕ್ ಸಂಖ್ಯೆಗಳು. ಅವುಗಳ ಮೇಲೆ ಫ್ರೊಬೇನಿಯಸ್ 2×2 ಮಾತೃಕೆಯಾಗುತ್ತದೆ. ಕರ್ಣದ ಮೊತ್ತ 2, ನಿರ್ಧಾರಕ 5. ಈ ಸಲ ಇದು ಶೇಷವಲ್ಲ, ನಿಜವಾದ 2. 7ರ ಬದಲು 11 ಹಿಡಿಯಿರಿ, 13 ಹಿಡಿಯಿರಿ. ಅದೇ 2, ಅದೇ 5. ಎಲ್ಲ ಆಯಾಮಗಳಿಗೂ ಸ್ಥಿರಬಿಂದು ಸೂತ್ರ ಇಲ್ಲಿ ನಡೆಯುತ್ತದೆ. ವೇಯ್ ಊಹೆಗಳಲ್ಲಿ ಅತಿ ಕಷ್ಟದ್ದು ಆ ಮಾತೃಕೆಗಳಿಂದ ಹೊರಬರುವ ಸಂಖ್ಯೆಗಳ ಗಾತ್ರದ ಬಗ್ಗೆ ಇತ್ತು. ನಮ್ಮ ವಕ್ರರೇಖೆಯಲ್ಲಿ 1 + 2ಐ ಎಂಬುದರ ಗಾತ್ರ √5 ಆಗಿರುವುದೇ ಅದರ ಉದಾಹರಣೆ. ಅದನ್ನು ಪಿಯೇರ್ ಡೆಲೀನ್ ಸಾಧಿಸಿದ ಪ್ರಬಂಧ ಪ್ರಕಟವಾದದ್ದು 1974ರಲ್ಲಿ.

ಇದು ಬರೀ ಸಿದ್ಧಾಂತ ಅಂದುಕೊಳ್ಳಬೇಡಿ. ಇಂಥ ವಕ್ರರೇಖೆಗಳನ್ನು ಗುಪ್ತಲಿಪಿಗೆ ಬಳಸುವವರಿಗೆ ಬಿಂದುಗಳ ಸಂಖ್ಯೆ ಬೇಕೇ ಬೇಕು. 1985ರಲ್ಲಿ ರೆನೆ ಸ್ಕೂಫ್ ಕೊಟ್ಟ ಕ್ರಮ ಸಣ್ಣ ಸಣ್ಣ ಅವಿಭಾಜ್ಯಗಳಿಗೆ ಈ ಮೊತ್ತದ ಶೇಷವನ್ನು ಕಂಡುಹಿಡಿದು ಕೊನೆಗೆ ಜೋಡಿಸುತ್ತದೆ. ಅದು ಎತಾಲ್ ಕೊಹೊಮಾಲಜಿಯನ್ನು ಕಂಪ್ಯೂಟರಿನಲ್ಲಿ ಕೂರಿಸಿದ ಹಾಗೇ.

ಆದರೂ ಮನಸ್ಸಿಗೆ ಒಂದು ಕಸಿವಿಸಿ ಉಳಿಯುತ್ತದೆ. ಉತ್ತರ 2 ಮತ್ತು 5, ಎರಡೂ ಪಾಪದ ಪೂರ್ಣಾಂಕಗಳು. ಅವನ್ನು ಪಡೆಯಲು 7-ಆಡಿಕ್, 11-ಆಡಿಕ್ ಎಂದು ಊರೆಲ್ಲ ಸುತ್ತಬೇಕಾ? ಸೀದಾ ಭಾಗಲಬ್ಧ ಸಂಖ್ಯೆಗಳನ್ನೇ ಗುಣಾಂಕವಾಗಿ ಕೊಡುವ ಒಂದು ಕೊಹೊಮಾಲಜಿ ಹುಡುಕಬಾರದಾ? ಹುಡುಕಬಹುದು, ಸಿಗುವುದಿಲ್ಲ. ಅದನ್ನು ತೋರಿಸಿದವರು ಸೇರ್. ಮೊದಲೇ ಹೇಳಿದ ನಾಲ್ಕು ಸಾಲು ಇಲ್ಲಿದೆ.

ನಮ್ಮ ವಕ್ರರೇಖೆಯ 3ರ ಪದರಕ್ಕೆ ಬನ್ನಿ. ಅಲ್ಲೂ ಬಿಂದುಗಳು 4: 1 − 0 + 3. ನಡುವಿನ ಸಂಖ್ಯೆ ಈ ಸಲ ಸೊನ್ನೆ. ಕರ್ಣದ ಮೊತ್ತ 0, ನಿರ್ಧಾರಕ 3 ಆದ 2×2 ಮಾತೃಕೆಯ ವರ್ಗ −3. ಹಾಗಾಗಿ ಫ್ರೊಬೇನಿಯಸ್ ಅನ್ನು ಫ ಎಂದು ಕರೆದರೆ ಫ² = −3. 3ರ ಲೋಕದಲ್ಲಿ −1ಕ್ಕೆ ವರ್ಗಮೂಲ ಇಲ್ಲ. ಅದನ್ನು ಸೇರಿಸಿ 9 ಸಂಖ್ಯೆಗಳ ಲೋಕಕ್ಕೆ ಹೋಗೋಣ. ಅಲ್ಲಿ (ಕ, ಯ) ಬಿಂದುವನ್ನು (−ಕ, ಐಯ) ಬಿಂದುವಿಗೆ ಕಳಿಸುವ ಸಮಮಿತಿ ಇದೆ. ಅದನ್ನು ತ ಎನ್ನೋಣ. ಎರಡು ಸಲ ಮಾಡಿದರೆ ಯ ಇದ್ದದ್ದು −ಯ ಆಗುತ್ತದೆ. ಈ ವಕ್ರರೇಖೆಯ ಬಿಂದುಗಳನ್ನು ಒಂದಕ್ಕೊಂದು ಕೂಡುವ ಕ್ರಮವೊಂದಿದೆ, ಅದರಲ್ಲಿ −1 ಅಂದರೆ ಅದೇ. ಹಾಗಾಗಿ ತ² = −1. ಇನ್ನು ಐ³ = −ಐ ಆಗಿರುವುದರಿಂದ ಫ ಮತ್ತು ತ ಜಾಗ ಬದಲಿಸಿದರೆ ಚಿಹ್ನೆ ತಿರುಗುತ್ತದೆ: ತಫ = −ಫತ.

ಆಸೆಪಟ್ಟ ಕೊಹೊಮಾಲಜಿ ನಿಜವಾಗಿ ಇದ್ದಿದ್ದರೆ ತ, ಫ ಎರಡೂ ಭಾಗಲಬ್ಧ ಸಂಖ್ಯೆಗಳ 2×2 ಮಾತೃಕೆಗಳಾಗಬೇಕಿತ್ತು. ವಾಸ್ತವ ಸಂಖ್ಯೆಗಳಿಗೂ ಬಿಟ್ಟುಕೊಡೋಣ, ಹೋಗಲಿ. ಅಕ್ಷಗಳನ್ನು ಸರಿಯಾಗಿ ಆರಿಸಿಕೊಂಡರೆ ತ² = −1 ಆಗುವ ಮಾತೃಕೆ ಅಂದರೆ 90 ಡಿಗ್ರಿ ತಿರುಗಿಸುವುದು. ಅದರೊಂದಿಗೆ ಚಿಹ್ನೆ ತಿರುಗಿಸುವ ಮಾತೃಕೆಯ ಮೊದಲ ಸಾಲು ಅ, ಬ ಆದರೆ ಎರಡನೇ ಸಾಲು ಬ, −ಅ ಆಗಲೇಬೇಕು. ಅದರ ವರ್ಗ ಅ² + ಬ². ಅದು −3 ಆಗಬೇಕು.

ಅ² + ಬ² = −3

ಎರಡು ವರ್ಗಗಳ ಮೊತ್ತ ಋಣವಾಗುವುದುಂಟೇ? ಅಲ್ಲಿಗೆ ಮುಗಿಯಿತು. ಇಂಥ ಕೊಹೊಮಾಲಜಿ ಇಲ್ಲ. ಇನ್ನೂ ಜಾಣರು ಬಂದರೆ ಕಂಡುಹಿಡಿದಾರು ಎಂಬ ಮಾತೂ ಇಲ್ಲ.

ಇದೇ ಸಮೀಕರಣವನ್ನು 7-ಆಡಿಕ್ ಸಂಖ್ಯೆಗಳಲ್ಲಿ ನೋಡಿ. ಅಲ್ಲಿ ಧನ, ಋಣ ಎಂಬ ಭೇದವಿಲ್ಲ. 37ರ ವರ್ಗಕ್ಕೆ 3 ಕೂಡಿದರೆ 1372, ಅದು 4 × 343. ಅಂದರೆ 343ರಿಂದ ಭಾಗಿಸಿದ ಶೇಷಗಳಲ್ಲಿ 37² ಮತ್ತು −3 ಒಂದೇ. ಇದನ್ನು ಹೀಗೇ ಮುಂದುವರಿಸಿದರೆ −3ರ ವರ್ಗಮೂಲ ಸಿಗುತ್ತದೆ. ಅದನ್ನು ಅ ಎಂದಿಟ್ಟು ಬ = 0 ಹಾಕಿದರೆ ಆಯಿತು, ಅಡ್ಡಿ ಮಾಯ. 5-ಆಡಿಕ್‌ನಲ್ಲೂ 2-ಆಡಿಕ್‌ನಲ್ಲೂ ಪರಿಹಾರ ಇದೆ. ಅಡ್ಡಿ ಬರುವುದು ವಾಸ್ತವ ಸಂಖ್ಯೆಗಳಲ್ಲಿ ಮತ್ತು 3-ಆಡಿಕ್‌ನಲ್ಲಿ ಮಾತ್ರ. 3-ಆಡಿಕ್‌ನಲ್ಲಿ ಯಾಕೆ? ಎರಡು ವರ್ಗಗಳ ಮೊತ್ತವನ್ನು 3 ಭಾಗಿಸಿದರೆ ಅ, ಬ ಎರಡನ್ನೂ 3 ಭಾಗಿಸಲೇಬೇಕು. ಆಗ ಮೊತ್ತವನ್ನು 9 ಭಾಗಿಸುತ್ತದೆ. −3 ಹಾಗಿಲ್ಲ.

ಪದರ 3ರದ್ದು, ಅಡ್ಡಿಯೂ 3ರಲ್ಲೇ. ಎತಾಲ್ ಸೋಲುವ ಜಾಗವೂ ಸರಿಯಾಗಿ ಇದೇ. 3ರ ಪದರದ ಮೇಲೆ ನಿಂತು 3 ಶೇಷಗಳನ್ನೇ ಗುಣಾಂಕವಾಗಿಟ್ಟರೆ ಎತಾಲ್ ಕೊಡುವ ಆಯಾಮ 2 ಅಲ್ಲ, 0. 5ರ ಪದರದಲ್ಲಿ 5 ಶೇಷಗಳನ್ನಿಟ್ಟರೆ 1. ಬಿಂದುಗಳ ಕೂಡುವಿಕೆಯಲ್ಲಿ ಐದು ಸಲ ಕೂಡಿದರೆ ಸೊನ್ನೆಯಾಗುವ ಬಿಂದುಗಳು ಟ್ಯೂಬಿನ ಮೇಲೆ 25, ಬೇರೆ ಬೇರೆಯಾಗಿ ನಿಲ್ಲುತ್ತವೆ; ಅವೇ ಅಲ್ಲಿ ಒಂದರ ಮೇಲೊಂದು ಬಿದ್ದು 5 ಮಾತ್ರ ಕಾಣುತ್ತವೆ.

ಈ ತೂತನ್ನು ಮುಚ್ಚುವುದು ಕ್ರಿಸ್ಟಲೈನ್ ಕೊಹೊಮಾಲಜಿಯ ಕೆಲಸ. ಅದರ ಹಿಂದಿರುವುದು ಡಿ ರಾಮ್, ಅಂದರೆ ಡಿಫರೆನ್ಶಿಯಲ್‌ಗಳಿಂದ ಆಕಾರ ಅಳೆಯುವ ಹಳೆಯ ದಾರಿ. 3ರ ಲೋಕದಲ್ಲಿ ಕ³ನ ಡಿಫರೆನ್ಶಿಯಲ್ ತೆಗೆದರೆ ಗುಣಾಂಕ 3, ಅಂದರೆ 0. ಸ್ಥಿರಾಂಕವಲ್ಲದ್ದು ಸ್ಥಿರಾಂಕದ ವೇಷ ಹಾಕಿ ನಿಲ್ಲುತ್ತದೆ. ಬರಿಯ ಸರಳರೇಖೆಗೂ ಲೆಕ್ಕವಿಲ್ಲದಷ್ಟು ಕೊಹೊಮಾಲಜಿ ಹುಟ್ಟಿಕೊಳ್ಳುತ್ತದೆ. ಅದಕ್ಕೆ ಮದ್ದು, ಸಮೀಕರಣವನ್ನು 3-ಆಡಿಕ್ ಸಂಖ್ಯೆಗಳಿಗೆ ಎತ್ತಿ ಅಲ್ಲಿ ಡಿಫರೆನ್ಶಿಯಲ್ ಮಾಡುವುದು. ಹೇಗೆ ಎತ್ತಿದರೂ ಉತ್ತರ ಒಂದೇ ಬರುತ್ತದೆ ಎನ್ನುವುದು ಇದರ ಸೋಜಿಗ. 1966ರಲ್ಲಿ ಗ್ರೋಥೆಂಡಿಕ್ ಇದರ ರೂಪರೇಖೆ ಕೊಟ್ಟರು, 1974ರಲ್ಲಿ ಬಂದ ಪಿಯೇರ್ ಬರ್ತೆಲೊ ಪ್ರಬಂಧ ಅದನ್ನು ಕಟ್ಟಿ ನಿಲ್ಲಿಸಿತು. ಹಾಗಾದರೆ 3-ಆಡಿಕ್‌ನ ಅಡ್ಡಿ ಏನಾಯಿತು? 9 ಸಂಖ್ಯೆಗಳ ಲೋಕದಲ್ಲಿ ಕ್ರಿಸ್ಟಲೈನ್ ಬಳಸುವ ಗುಣಾಂಕಗಳಲ್ಲಿ ಐ ಕೂಡ ಇರುತ್ತದೆ. ಅ = 1, ಬ = 2ಐ ಹಾಕಿ. 1 − 4 = −3. ಅಡ್ಡಿ ಸದ್ದಿಲ್ಲದೆ ಸರಿದುಕೊಳ್ಳುತ್ತದೆ.

ಹಾಗಾಗಿ ಈ ಹಲವು ಕೊಹೊಮಾಲಜಿಗಳು ಒಂದನ್ನೊಂದು ಹಿಂದಿಕ್ಕಲು ಬಂದ ಮಾದರಿಗಳಲ್ಲ. ಒಂದಕ್ಕೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ. ಎಲ್ಲವೂ ಒಂದೇ 2, ಒಂದೇ 5 ಎನ್ನುತ್ತವೆ ಅಂದಮೇಲೆ ಅವುಗಳ ನಡುವೆ ಸೇತುವೆ ಇರಲೇಬೇಕಲ್ವಾ? ಡಿ ರಾಮ್ ಮತ್ತು ಎತಾಲ್ ನಡುವಿನ ಸೇತುವೆಯನ್ನು ಫಾಂಟೇನ್, ಫಾಲ್ಟಿಂಗ್ಸ್, ತ್ಸುಜಿ ಮುಂತಾದವರು ವರ್ಷಗಟ್ಟಲೆ ಕಟ್ಟಿದರು. ಭಾರ್ಗವ್ ಭಟ್ ಮತ್ತು ಪೀಟರ್ ಶೋಲ್ಟ್ಸೆ ಕೊಟ್ಟ ಪ್ರಿಸ್ಮ್ಯಾಟಿಕ್ ಕೊಹೊಮಾಲಜಿ ಇನ್ನೂ ಮುಂದೆ ಹೋಯಿತು. ಒಂದು ನಿರ್ದಿಷ್ಟ ಅವಿಭಾಜ್ಯದ ಸುತ್ತಮುತ್ತ ಡಿ ರಾಮ್, ಕ್ರಿಸ್ಟಲೈನ್, ಎತಾಲ್ ಮೂರೂ ಅದೊಂದರಿಂದಲೇ ಹೊರಬರುತ್ತವೆ, ಪ್ರಿಸ್ಮ್‌ನಿಂದ ಬಣ್ಣಗಳು ಬಂದ ಹಾಗೆ.

ಎಲ್ಲ ಅವಿಭಾಜ್ಯಗಳಿಗೂ ಒಂದೇ ಮೂಲ ಇದೆಯಾ? 1960ರ ದಶಕದಲ್ಲೇ ಗ್ರೋಥೆಂಡಿಕ್ ಅದಕ್ಕೆ ಮೋಟಿವ್ ಎಂದು ಹೆಸರಿಟ್ಟರು. ಭಾಗಲಬ್ಧ ಸಂಖ್ಯೆಗಳ ಆಯಾಮಗಳಾಗಿ ಅದು ಸಿಗದು ಎಂದು ಈಗಷ್ಟೇ ನೋಡಿದೆವು. ಬೇರೆ ರೂಪದಲ್ಲಿ ಇರಬಹುದು. ವಕ್ರರೇಖೆಗಳಿಗೆ ಆ ರೂಪ ಗೊತ್ತೂ ಇದೆ. ಅದು ಜಾಕೋಬಿಯನ್ ಎಂಬ ಜ್ಯಾಮಿತೀಯ ವಸ್ತು. ಅದರಿಂದ ನಡುವಿನ ಕೊಹೊಮಾಲಜಿಯ ಎಲ್ಲ ಅವತಾರಗಳನ್ನೂ ತೆಗೆಯಬಹುದು. ಯ² = ಕ³ + ಕ ವಿಷಯದಲ್ಲಂತೂ ಆ ಜಾಕೋಬಿಯನ್ ಈ ವಕ್ರರೇಖೆಯೇ! ಆಯಾಮ ಎರಡು, ಮೂರು ಎಂದು ಏರಿದ ಹಾಗೆ ಇಂಥ ಅನುಕೂಲ ತಪ್ಪುತ್ತದೆ. ಅಲ್ಲಿ ಮೋಟಿವ್‌ಗಳು ನಾವು ಬಯಸಿದ ಹಾಗೆ ನಡೆದುಕೊಳ್ಳಲು ಬೇಕಾದ ಹೇಳಿಕೆಗಳನ್ನು ಗ್ರೋಥೆಂಡಿಕ್ ಪಟ್ಟಿ ಮಾಡಿದ್ದರು. ಅವುಗಳಲ್ಲಿ ಮುಖ್ಯವಾದವು ಪೂರ್ತಿ ರೂಪದಲ್ಲಿ ಇಂದಿಗೂ ಸಾಧನೆಯಾಗಿಲ್ಲ.